ಮಕ್ಕಳ ಗ್ರಾಮದಲ್ಲಿ ಸಿಗುವುದು ಮನೆಯೋ ಹಾಸ್ಟೆಲೋ?

ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ಸಾಕುವ ಮಕ್ಕಳ ಗ್ರಾಮದಲ್ಲಿ ಬೆಳೆಯುವವರಿಗೆ ನಿಜವಾದ ಮನೆ ಸಿಗುತ್ತದೆಯೇ, ಅಥವಾ ಅದೂ ಒಂದು ಹಾಸ್ಟೆಲೇ ಎಂದು ತಾವು ಕೇಳಿದ್ದೀರಿ. ಬೆಂಗಳೂರಿನ ಹೊರವಲಯದ ಅಂಥದೊಂದು ಗ್ರಾಮಕ್ಕೆ ಬಹಳ ವರ್ಷಗಳಿಂದ ಪ್ರತಿ ಶನಿವಾರ ಗಣಿತ ಹೇಳಿಕೊಡಲು ಹೋಗುತ್ತಿರುವ ನಿವೃತ್ತ ಶಿಕ್ಷಕಿ ನಾನು. ಆ ಸಂಸ್ಥೆಯ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಇಂಥ ಗ್ರಾಮಗಳ ಮೂಲ ಕಲ್ಪನೆ ಆಸ್ಟ್ರಿಯಾದ ಹರ್ಮನ್ ಗ್ಮೈನರ್ ಅವರದು. ಎರಡನೆಯ ಮಹಾಯುದ್ಧದಿಂದ ನಿರ್ಗತಿಕರಾದ ಮಕ್ಕಳಿಗಾಗಿ ಅವರು 1949ರಲ್ಲಿ ಇಮ್ಸ್ಟ್ ಎಂಬ ಊರಿನಲ್ಲಿ ಮೊದಲ ಎಸ್‌ಒಎಸ್ ಮಕ್ಕಳ ಗ್ರಾಮವನ್ನು ಆರಂಭಿಸಿದರು. ಭಾರತದಲ್ಲಿ ಆ ಸಂಸ್ಥೆ 1964ರಲ್ಲಿ ಸ್ಥಾಪನೆಯಾಯಿತು. ಇಲ್ಲಿನ ಮೊದಲ ಗ್ರಾಮ ಫರೀದಾಬಾದಿನ ಗ್ರೀನ್‌ಫೀಲ್ಡ್ಸ್‌ನಲ್ಲಿದೆ. ತಾಯಿ, ಒಡಹುಟ್ಟಿದವರು, ಮನೆ, ಗ್ರಾಮ ಎಂಬ ನಾಲ್ಕು ಆಧಾರಗಳ ಮೇಲೆ ನಿಂತ ವ್ಯವಸ್ಥೆಯಿದು. ನಾನು ಹೋಗುವ ಗ್ರಾಮದಲ್ಲಿಯೂ ಒಂದೊಂದು ಮನೆಗೆ ಮಕ್ಕಳನ್ನು ಸಾಕಲೆಂದು ಸಂಸ್ಥೆ ನೇಮಿಸಿದ ಒಬ್ಬರು ಅಮ್ಮ, ಎಂಟು ಹತ್ತು ಮಕ್ಕಳು. ಒಂದೇ ತಾಯಿಯ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಹಂಚುವುದಿಲ್ಲ.

ಹಾಸ್ಟೆಲಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಮೊದಲು ತಿಳಿದದ್ದು ಅಡುಗೆಮನೆಯಿಂದ. ಅಲ್ಲಿ ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆಯಿಲ್ಲ. ಸಂಜೆ ಆರೂವರೆಗೆ ಗ್ರಾಮದ ದಾರಿಯಲ್ಲಿ ನಡೆದರೆ ಒಂದು ಮನೆಯಿಂದ ಬಸ್ಸಾರಿನ ಒಗ್ಗರಣೆ, ಇನ್ನೊಂದರಿಂದ ಸುಟ್ಟ ಬದನೆಕಾಯಿಯ ವಾಸನೆ ಬರುತ್ತದೆ. ತಿಂಗಳ ಖರ್ಚಿನ ಹಣ ಅಮ್ಮನ ಕೈಯಲ್ಲಿರುವುದರಿಂದ, ಈರುಳ್ಳಿ ತುಟ್ಟಿಯಾದ ತಿಂಗಳು ಉಪ್ಪಿಟ್ಟಿಗೆ ಈರುಳ್ಳಿ ಕಡಿಮೆಯಾಗುತ್ತದೆ, ಅದು ಏಕೆಂದು ನಾಲ್ಕನೇ ತರಗತಿಯ ಹುಡುಗನಿಗೂ ಗೊತ್ತಿರುತ್ತದೆ. ಸಾವಿರ ತಟ್ಟೆಗಳಿಗೆ ಒಂದೇ ಹಂಡೆಯಲ್ಲಿ ಬೇಯುವ ಅನ್ನ ಹೊಟ್ಟೆ ತುಂಬಿಸಬಹುದು; ಮನೆಯ ಕಷ್ಟ ಸುಖದಲ್ಲಿ ತನಗೂ ಪಾಲಿದೆ ಎಂಬ ಅರಿವನ್ನು ಮಗುವಿಗೆ ಕೊಡಲಾರದು ಎಂದು ನಾನು ನಂಬುತ್ತೇನೆ.

ಒಬ್ಬ ಹುಡುಗಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮೂರು ವರ್ಷದ ತಮ್ಮನೊಂದಿಗೆ ಆಕೆ ಬಂದಾಗ ಅವಳಿಗೆ ಏಳು ವರ್ಷ. ಬಡಿಸಿದ್ದನ್ನು ತಿನ್ನುವಳು, ತಟ್ಟೆ ತೊಳೆದಿಡುವಳು, ಯಾವುದಕ್ಕೂ ಬೇಡ ಎನ್ನಳು. ತಮ್ಮನಿಗೆ ಉಣಿಸಿ, ಮುಖ ತೊಳೆಸಿ, ಅವನು ಮಲಗಿದ ಮೇಲೆಯೇ ತಾನು ಮಲಗುವಳು. ಎಂಥ ಒಳ್ಳೆಯ ಮಗು ಎಂದು ನಾನು ಅಮ್ಮನೆದುರು ಹೊಗಳಿದಾಗ ಅವರು ತಲೆಯಲ್ಲಾಡಿಸಿ, "ಒಳ್ಳೇದಲ್ಲ ಟೀಚರ್, ಅದಕ್ಕಿನ್ನೂ ಇಲ್ಲಿ ಭಯ" ಎಂದರು. ಅವರು ತಮ್ಮನ ಚಾಕರಿಯನ್ನು ಒಂದೊಂದಾಗಿ, ಅವಳಿಗೆ ನೋವಾಗದಂತೆ ತಮ್ಮ ಕೈಗೆ ತೆಗೆದುಕೊಳ್ಳಲು ವರ್ಷದ ಮೇಲಾಯಿತು. ಅವಳು ಬಂದ ಮೇಲಿನ ಎರಡನೆಯ ಯುಗಾದಿಯ ದಿನ ನಾನು ಹೋದಾಗ, ದೊಡ್ಡ ಹೋಳಿಗೆ ತನಗೇ ಬೇಕೆಂದು ಅವಳು ತಮ್ಮನ ಕೈಯಿಂದ ಕಿತ್ತುಕೊಂಡು, ಬೈಸಿಕೊಂಡು, ಬಾಗಿಲ ಹಿಂದೆ ನಿಂತು ಗಟ್ಟಿಯಾಗಿ ಅಳುತ್ತಿದ್ದಳು. ಅಮ್ಮ ನನ್ನತ್ತ ನೋಡಿ ನಕ್ಕರು. ಏಳು ವರ್ಷಕ್ಕೇ ತಾಯಿಯಾಗಿದ್ದ ಮಗು ಅಂದು ಮತ್ತೆ ಮಗುವಾಗಿತ್ತು. ಅಂದಿನಿಂದ ಅಲ್ಲಿನ ಮಕ್ಕಳ ಬೆಳವಣಿಗೆಯನ್ನು ನಾನು ಅಂಕಪಟ್ಟಿಗಿಂತ ಹೆಚ್ಚಾಗಿ ಅವರ ಹಟದಿಂದ ಅಳೆಯುತ್ತೇನೆ.

ನೋವಿನ ಸಂಗತಿಗಳೂ ಇವೆ. ಆ ಮಕ್ಕಳೆಲ್ಲ ಅನಾಥರಲ್ಲ. ಕೆಲವರಿಗೆ ತಂದೆಯೋ ಅಜ್ಜಿಯೋ ಇದ್ದಾರೆ, ಬೇಸಿಗೆ ರಜೆಗೆ ಹೋಗಿ ಬಂದವರು ಒಂದು ವಾರ ಮಂಕಾಗಿರುತ್ತಾರೆ. ಹದಿಹರೆಯಕ್ಕೆ ಬಂದ ಹುಡುಗರನ್ನು ಯುವಕರ ವಸತಿಗೆ ಕಳುಹಿಸುವ ಪದ್ಧತಿ ಅಲ್ಲಿತ್ತು. ಅಮ್ಮನ ಮನೆಯಿಂದ ಚಾಪೆ, ಪುಸ್ತಕ ಹೊತ್ತು ಹೊರಟ ಹುಡುಗನೊಬ್ಬ ತಿಂಗಳುಗಟ್ಟಲೆ ಲೆಕ್ಕವನ್ನೇ ಮಾಡದೆ ಕುಳಿತದ್ದನ್ನು ನಾನು ಮರೆತಿಲ್ಲ. ಆ ಪದ್ಧತಿ ತಪ್ಪೆಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಹದಿನೆಂಟು ತುಂಬಿದೊಡನೆ ಇನ್ನೊಂದು ಹೊಸ್ತಿಲು ಎದುರಾಗುತ್ತದೆ. 2015ರ ಬಾಲನ್ಯಾಯ ಕಾಯಿದೆಯಲ್ಲಿ ಇಪ್ಪತ್ತೊಂದರವರೆಗೆ ಅನುಪಾಲನೆಗೆ, ಎಂದರೆ ಸಂಸ್ಥೆ ಬಿಟ್ಟ ಮೇಲಿನ ನೆರವಿಗೆ, ಅವಕಾಶವಿದೆ, ಆದರೆ ಬಾಡಿಗೆ ಮನೆ ಹುಡುಕುವಾಗ ಮಾಲೀಕರು "ಅಪ್ಪ ಅಮ್ಮ ಎಲ್ಲಿ?" ಎಂದು ಕೇಳುವ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಅಂಥ ಹೊತ್ತಿನಲ್ಲಿ ಜೊತೆಗೆ ಹೋಗಿ ನಿಲ್ಲುವ ಹಿರಿಯರು ಬೇಕು. ತಾವು ಏನಾದರೂ ಮಾಡಬಯಸುವುದಾದರೆ, ಹುಟ್ಟುಹಬ್ಬಕ್ಕೆ ಕೇಕ್ ತಂದು ಫೋಟೋ ತೆಗೆದುಕೊಂಡು ಹೋಗುವ ಬದಲು ಇದಕ್ಕೆ ಒಪ್ಪಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಹೋಳಿಗೆ ಕಿತ್ತುಕೊಂಡ ಹುಡುಗಿ ನರ್ಸಿಂಗ್ ಓದಿ, ಕೆಲಸಕ್ಕೆ ಸೇರಿ, ಕಳೆದ ವರ್ಷ ಮದುವೆಯಾದಳು. ಅಮ್ಮ ನಿವೃತ್ತರಾಗಿ ಈಗ ತಮ್ಮ ಅಣ್ಣನ ಮನೆಯಲ್ಲಿದ್ದಾರೆ. ಗೌರಿ ಹಬ್ಬದ ಮುನ್ನಾದಿನ ಅವರು ಮೊರದ ಬಾಗಿನವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ, ಮಗಳ ಮನೆಗೆ ಹೋಗಿ ಕೊಟ್ಟು ಬಂದರು.