ಹಿರಿಯರ ಮನೆ ಕಂದಾಯಕ್ಕೆ ರಿಯಾಯಿತಿ: ಸಭೆಯಲ್ಲಿ ಬೆಂಬಲಿಸಬೇಕಾ, ವಿರೋಧಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರಿನ ಆಡಳಿತ ಸಭೆಯ ಮುಂದೆ ಒಂದು ಪ್ರಸ್ತಾವ ಬಂದಿದೆ. 65 ದಾಟಿದವರ ಸ್ವಂತ ಮನೆಗೆ ಆಸ್ತಿ ತೆರಿಗೆಯಲ್ಲಿ ಶೇ. 20 ಕಡಿತ. ನಿಮ್ಮ ತಾಯಿಯವರಿಗೆ ಅದು ಸಿಗುತ್ತದೆ. ಸಾಲ ಮಾಡಿ ಮನೆ ತೆಗೆದುಕೊಂಡಿರುವ ನಿಮಗೆ ಮಾತ್ರ ಹೊರೆ ಏರಬಹುದು ಅನ್ನುವ ಅನುಮಾನ. ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಟ್ಟಾಗ ಏನು ಹೇಳಲಿ ಅಂತ ಕೇಳಿದ್ದೀರಿ.

ನಾನು ಒಂದು ಸ್ಥಳೀಯ ಸಂಸ್ಥೆಯ ತೆರಿಗೆ ವಿಭಾಗದಲ್ಲಿದ್ದು ನಿವೃತ್ತನಾದವನು. ಇಂಥ ಕಡಿತ ಬಂದರೆ ನನಗೂ ಸಿಗುತ್ತದೆ. ಆದರೂ ನನ್ನ ಅಭಿಪ್ರಾಯ ಏನೆಂದರೆ, ವಯಸ್ಸೊಂದನ್ನೇ ನೋಡಿ ಎಲ್ಲರಿಗೂ ಸಮನಾಗಿ ಹಂಚುವ ರಿಯಾಯಿತಿ ಬೇಡ. ಕಷ್ಟದಲ್ಲಿರುವ ಹಿರಿಯರಿಗೆ ಶೇ. 20 ಸಾಲದು, ಇನ್ನೂ ಜಾಸ್ತಿ ಕೊಡಿ. ಅನುಕೂಲ ಇರುವವರಿಗೆ ಏನೂ ಬೇಡ. ಮನೆಗೆ ಬೆಲೆಯಿದ್ದು ಕೈಯಲ್ಲಿ ಕಾಸಿಲ್ಲದವರಿಗೆ ತೆರಿಗೆ ಮುಂದೂಡುವ ಅವಕಾಶ ಕೊಡಿ.

ಮೊದಲು ಹಿರಿಯರ ಕಷ್ಟದ ವಿಷಯ. ಅದು ಸುಳ್ಳಲ್ಲ. ಆದಾಯ ತೆರಿಗೆ ಸಂಪಾದನೆ ನಿಂತರೆ ನಿಲ್ಲುತ್ತದೆ. ಮಾರಾಟದ ಮೇಲಿನ ತೆರಿಗೆ ಖರ್ಚು ಕಮ್ಮಿಯಾದರೆ ಕಮ್ಮಿಯಾಗುತ್ತದೆ. ಮನೆ ಕಂದಾಯಕ್ಕೆ ಇದ್ಯಾವುದೂ ಗೊತ್ತಿಲ್ಲ. ಮೂವತ್ತು ವರ್ಷದ ಹಿಂದೆ ಊರಾಚೆ ಕಡಿಮೆ ಬೆಲೆಗೆ ಸಿಕ್ಕ ಜಾಗ ಇವತ್ತು ಊರಿನ ಮಧ್ಯೆ ಇರುತ್ತದೆ. ಮರುಮೌಲ್ಯಮಾಪನ ಆದ ಕೂಡಲೇ ತೆರಿಗೆ ಏರುತ್ತದೆ. ಪಿಂಚಣಿ ಮಾತ್ರ ಅಷ್ಟೇ. ಮನೆಯ ಬೆಲೆ ಏರಿತು ಅಂತ ಅಡುಗೆಮನೆಯ ಗೋಡೆ ಒಡೆದು ಮಾರಿ ಕಂದಾಯ ಕಟ್ಟೋಕೆ ಆಗುತ್ತಾ? ಹೀಗಾಗಿ ಪರಿಹಾರ ಬೇಕು ಅನ್ನುವವರು ದುರಾಸೆಯಿಂದ ಕೇಳುತ್ತಿದ್ದಾರೆ ಅಂತ ಮಾತ್ರ ಸಭೆಯಲ್ಲಿ ಹೇಳಬೇಡಿ.

ಈಗ ಲೆಕ್ಕಕ್ಕೆ ಬರೋಣ. ಸಭೆಯಲ್ಲಿ ಯಾರೂ ಇದನ್ನು ಮಾಡಿ ತೋರಿಸುವುದಿಲ್ಲ. ಊರಲ್ಲಿ 100 ಮನೆ ಇವೆ, ಪ್ರತಿ ಮನೆಯಿಂದ 100 ಬರುತ್ತದೆ ಅಂದುಕೊಳ್ಳಿ. ಒಟ್ಟು 10,000. ಅದರಲ್ಲಿ 25 ಮನೆ ಹಿರಿಯರದು. ಅವರಿಗೆ ಶೇ. 20 ಬಿಟ್ಟರೆ 500 ಖೋತಾ. ಅದನ್ನು ಉಳಿದ 75 ಮನೆಗಳಿಗೆ ಹಂಚಿದರೆ ಒಂದೊಂದು ಮನೆಗೂ ಸುಮಾರು 6 ರೂ. 70 ಪೈಸೆಯ ಲೆಕ್ಕ ಬೀಳುತ್ತದೆ. ಪರವಾಗಿಲ್ಲ ಅನ್ನಿಸಬಹುದು. ಊರಿಗೆ ವಯಸ್ಸಾಗಿ ಹಿರಿಯರ ಮನೆ 40 ಆದಾಗ ನೋಡಿ. ಖೋತಾ 800, ಹೊರುವ ಮನೆ 60. ಒಂದೊಂದಕ್ಕೂ 13ಕ್ಕಿಂತ ಜಾಸ್ತಿ. ಒಬ್ಬೊಬ್ಬರಿಗೆ ಕೊಡುವ ರಿಯಾಯಿತಿ ಒಂದು ಪೈಸೆಯೂ ಏರಿಲ್ಲ, ಉಳಿದವರ ಹೊರೆ ಮಾತ್ರ ಎರಡು ಪಟ್ಟಾಯಿತು.

ಅದೇ ಲೆಕ್ಕವನ್ನು ಇನ್ನೊಂದು ರೀತಿ ಮಾಡೋಣ. ಆ 25ರಲ್ಲಿ ನಿಜವಾಗಿ ಕಷ್ಟದಲ್ಲಿರುವುದು 8 ಮನೆ ಅಂತ ಇಟ್ಟುಕೊಳ್ಳಿ. ಅವರಿಗೆ ಅರ್ಧಕ್ಕರ್ಧ ಬಿಟ್ಟರೂ ಖೋತಾ 400 ಮಾತ್ರ. ಉಳಿದ 92 ಮನೆ ಹಂಚಿಕೊಂಡರೆ ತಲಾ 4ರ ಆಸುಪಾಸು. ಬೇಕಾದವರಿಗೆ 20ರ ಬದಲು 50 ಸಿಕ್ಕಿತು, ಊರಿಗೆ ಖರ್ಚು ಕಡಿಮೆಯಾಯಿತು. ನಿಮ್ಮ ಊರಿನ ನಿಜವಾದ ಅಂಕಿಗಳನ್ನು ಕೇಳಿ ಪಡೆದು ಇದೇ ಲೆಕ್ಕ ಹಾಕಿ. ಎಷ್ಟು ಮನೆ ಹಿರಿಯರದು, ಅವುಗಳಲ್ಲಿ ಎಷ್ಟು ಬಾಕಿ ಉಳಿಸಿಕೊಂಡಿವೆ ಅನ್ನುವುದನ್ನು ತೆರಿಗೆ ವಿಭಾಗದವರು ಹೇಳಬೇಕು. ಅದು ಗೊತ್ತಿಲ್ಲದೆ ಪ್ರಸ್ತಾವ ತಂದಿದ್ದರೆ ಚರ್ಚೆ ಮುಂದೂಡಿ ಅಂತಲೇ ಕೇಳಬಹುದು.

ಖೋತಾ ಯಾರ ತಲೆಗೆ ಬೀಳುತ್ತದೆ ಅನ್ನುವುದು ನಿಮ್ಮ ಊರಿನ ಪದ್ಧತಿಯ ಮೇಲೂ ನಿಂತಿದೆ. ಕೆಲವು ಕಡೆ ಮೊದಲು ಬಜೆಟ್‌ ತೀರ್ಮಾನಿಸಿ, ಆ ಮೊತ್ತ ಬರುವ ಹಾಗೆ ತೆರಿಗೆ ದರ ಹಾಕುತ್ತಾರೆ. ಅಮೆರಿಕದ ಹಲವು ಊರುಗಳಲ್ಲಿ ಹೀಗೆ. ಅಲ್ಲಿ ಒಬ್ಬರಿಗೆ ಬಿಟ್ಟದ್ದು ತಾನಾಗಿ ಪಕ್ಕದವರ ಬಿಲ್ಲಿಗೆ ಹೋಗುತ್ತದೆ. ಇನ್ನು ಕೆಲವು ಕಡೆ ದರ ಮೊದಲೇ ನಿಗದಿ, ಬಂದಷ್ಟು ಬಂತು. ಅಲ್ಲಿ ನಿಮ್ಮ ಬಿಲ್ ಏರುವುದಿಲ್ಲ. ಚರಂಡಿ ರಿಪೇರಿ, ಬೀದಿ ದೀಪ, ಕಸದ ಗಾಡಿ, ಇವುಗಳಲ್ಲಿ ಏನೋ ಒಂದು ಸದ್ದಿಲ್ಲದೆ ಕಡಿಮೆಯಾಗುತ್ತದೆ. ಅದರ ಪೆಟ್ಟು ಹಿರಿಯರಿಗೂ ತಗಲುತ್ತದೆ. ಮೇಲಿನ ಸರ್ಕಾರ ಖೋತಾ ತುಂಬಿಕೊಡುವುದಾದರೆ ವಿಷಯ ಬೇರೆ. ಹಾಗೆ ಲಿಖಿತ ಆದೇಶ ಇದೆಯಾ ಅಂತ ಕೇಳಿ. ಬಾಯಿಮಾತಿನ ಭರವಸೆಗೆ ನಮ್ಮ ವಿಭಾಗದಲ್ಲಿ ಯಾವತ್ತೂ ಖಾತೆ ತೆರೆದದ್ದಿಲ್ಲ.

ಇನ್ನೊಂದು ವಿಷಯ, ಈ ರಿಯಾಯಿತಿ ಕೊಡುವ ಅಧಿಕಾರ ಸಭೆಗೆ ಇದೆಯಾ? ಸ್ಥಳೀಯ ಸಂಸ್ಥೆಗಳು ತೆರಿಗೆ ಹಾಕುವುದೂ ಬಿಡುವುದೂ ಸಾಮಾನ್ಯವಾಗಿ ಮೇಲಿನ ಕಾನೂನು ಕೊಟ್ಟಷ್ಟೇ. ಭಾರತದಲ್ಲಿ ಸಂವಿಧಾನದ 243ಎಕ್ಸ್ ವಿಧಿಯ ಪ್ರಕಾರ ನಗರ ಸಂಸ್ಥೆಗಳಿಗೆ ತೆರಿಗೆಯ ಅಧಿಕಾರ ರಾಜ್ಯದ ಕಾನೂನಿನಿಂದ ಬರುತ್ತದೆ. ಅಧಿಕಾರ ಇಲ್ಲದ ಸಭೆ ಚಪ್ಪಾಳೆ ನಡುವೆ ನಿರ್ಣಯ ಮಾಡಿದರೂ ಅದು ಒಂದು ಮನವಿ ಪತ್ರ ಅಷ್ಟೇ.

ಬೇರೆ ಕಡೆ ಏನೇನು ಮಾಡಿದ್ದಾರೆ ನೋಡಿ, ನಿಮಗೆ ಮಾತಾಡಲು ಸರಕು ಸಿಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನಮತದಿಂದ ಪ್ರಸ್ತಾವ 13 ಜಾರಿಗೆ ಬಂತು. ಕಂದಾಯ ಏರಿ ವಯಸ್ಸಾದವರು ಮನೆ ಕಳೆದುಕೊಳ್ಳುತ್ತಾರೆ ಅನ್ನುವ ಭಯ ಆ ಪ್ರಚಾರದಲ್ಲಿ ಜೋರಾಗಿ ಕೇಳಿಬಂದಿತ್ತು. ತೆರಿಗೆ ದರಕ್ಕೆ ಶೇ. 1ರ ಮಿತಿ, ತೆರಿಗೆ ಲೆಕ್ಕಕ್ಕೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಬಾರದು, ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಹೊಸ ಲೆಕ್ಕ. ಹಿರಿಯರಿಗೆ ನೆಮ್ಮದಿ ಸಿಕ್ಕಿತು, ನಿಜ. ಆದರೆ ಒಂದೇ ಬೀದಿಯ ಒಂದೇ ಥರದ ಎರಡು ಮನೆಗಳಲ್ಲಿ ಹೊಸದಾಗಿ ಕೊಂಡವರು ಹಳಬರ ಹಲವು ಪಟ್ಟು ಕಟ್ಟುವ ಹಾಗಾಯಿತು. ಹಾಗೆ ಕಟ್ಟುತ್ತಿದ್ದ ಒಬ್ಬರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 1992ರಲ್ಲಿ ಕೋರ್ಟ್ ಆ ಪದ್ಧತಿಯನ್ನೇ ಎತ್ತಿಹಿಡಿಯಿತು. ಮತ್ತೊಂದು ಪರಿಣಾಮವೂ ಆಯಿತು. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋದರೆ ತೆರಿಗೆ ಏರುತ್ತದೆ ಅಂತ ಹಿರಿಯರು ಇದ್ದಲ್ಲೇ ಉಳಿದರು. ಕೊನೆಗೆ 2020ರಲ್ಲಿ ಪ್ರಸ್ತಾವ 19 ತಂದು, 55 ದಾಟಿದವರು ಹಳೆಯ ಮೌಲ್ಯವನ್ನು ಹೊಸ ಮನೆಗೆ ಜೊತೆಗೆ ಒಯ್ಯಲು ರಾಜ್ಯದ ತುಂಬ ಅವಕಾಶ ಕೊಡಬೇಕಾಯಿತು. ಒಂದು ರಿಯಾಯಿತಿ ತಂದ ತೊಡಕನ್ನು ಬಿಡಿಸಲು ಇನ್ನೊಂದು ರಿಯಾಯಿತಿ!

ಟೆಕ್ಸಾಸ್‌ನಲ್ಲಿ 65 ತುಂಬಿದವರ ಮನೆಗೆ ಶಾಲಾ ತೆರಿಗೆಯ, ಅಂದರೆ ಮನೆ ಕಂದಾಯದಲ್ಲಿ ಶಾಲೆಗಳಿಗೆ ಹೋಗುವ ಪಾಲಿನ, ಮೊತ್ತಕ್ಕೆ ಅಲ್ಲಿಗೇ ಮಿತಿ ಬೀಳುತ್ತದೆ. ನಗರಗಳು, ಕೌಂಟಿಗಳು (ನಮ್ಮ ಜಿಲ್ಲೆಯಂಥವು) ತಮ್ಮ ತೆರಿಗೆಗೂ ಅಂಥ ಮಿತಿ ಹಾಕಿಕೊಳ್ಳಬಹುದು. ಆದರೆ ಒಮ್ಮೆ ಹಾಕಿದ ಮೇಲೆ ಅಲ್ಲಿನ ಆಡಳಿತ ಅದನ್ನು ವಾಪಸ್ ಪಡೆಯುವಂತಿಲ್ಲ. ಕಾನೂನಿನ ತಡೆ ಇಲ್ಲದ ಊರುಗಳಲ್ಲೂ ಕಥೆ ಹೆಚ್ಚುಕಮ್ಮಿ ಇಷ್ಟೇ. ಹಿರಿಯರು ತಪ್ಪದೆ ವೋಟು ಹಾಕುವವರು. ಅವರಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳುವ ಧೈರ್ಯ ಯಾವ ಸದಸ್ಯನಿಗೆ ಇದೆ? ಆದ್ದರಿಂದ ನಿರ್ಣಯದಲ್ಲೇ ಮೂರೋ ಐದೋ ವರ್ಷದ ಅವಧಿ ಹಾಕಿಸಿ. ಅವಧಿ ಮುಗಿದ ಮೇಲೆ ಮುಂದುವರಿಸಬೇಕಾದರೆ ಹೊಸದಾಗಿ ಮತ ಹಾಕಲಿ.

ಆದಾಯ ನೋಡಿ ಕೊಡುವ ಪದ್ಧತಿಗೆ 'ಸರ್ಕ್ಯೂಟ್ ಬ್ರೇಕರ್' ಅನ್ನುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲಿ ಇದನ್ನು ಮೊದಲು ತಂದಿತು. ಕರೆಂಟು ಜಾಸ್ತಿಯಾದರೆ ಸ್ವಿಚ್ಚು ತಾನೇ ಬೀಳುವ ಹಾಗೆ, ಕಂದಾಯ ಆದಾಯದ ಒಂದು ಪಾಲನ್ನು ಮೀರಿದ ಕೂಡಲೇ ಪರಿಹಾರ ಶುರು. ಮ್ಯಾಸಚೂಸೆಟ್ಸ್‌ನಲ್ಲಿ 65 ದಾಟಿದವರಿಗೆ ಆ ಗೆರೆ ಆದಾಯದ ಶೇ. 10. ಅದಕ್ಕಿಂತ ಮೇಲೆ ಕಟ್ಟಿದ್ದನ್ನು ಒಂದು ಮಿತಿಯವರೆಗೆ ಅಲ್ಲಿನ ರಾಜ್ಯ ಆದಾಯ ತೆರಿಗೆಯ ಮೂಲಕ ಹಿಂದಿರುಗಿಸುತ್ತದೆ. ಬಾಡಿಗೆಗೆ ಇರುವ ಹಿರಿಯರಿಗೂ ಸಿಗುತ್ತದೆ, ಅವರ ಬಾಡಿಗೆಯ ಕಾಲು ಭಾಗವನ್ನು ಕಂದಾಯ ಅಂತ ಲೆಕ್ಕ ಹಿಡಿಯುತ್ತಾರೆ. ನನಗೆ ತುಂಬ ಹಿಡಿಸಿದ್ದು ಇದೇ. ನಿಮ್ಮ ಊರಿನ ಪ್ರಸ್ತಾವದಲ್ಲಿ ಸ್ವಂತ ಮನೆ ಇದ್ದವರ ಮಾತು ಮಾತ್ರ ಇದೆ. ಸ್ವಂತ ಸೂರೇ ಇಲ್ಲದೆ ಬಾಡಿಗೆ ಕಟ್ಟುತ್ತಿರುವ ಅಜ್ಜಿಗೆ ಏನೂ ಇಲ್ಲ. ಮನೆ ಮಾಲೀಕರಿಗೆ ಕಂದಾಯ ಏರಿದರೆ ಅದು ಆ ಅಜ್ಜಿಯ ಬಾಡಿಗೆಗೇ ಬಂದು ಸೇರುತ್ತದೆ, ಅಲ್ವಾ?

ದೆಹಲಿಯಲ್ಲಿ ಪಾಲಿಕೆ ಹಿರಿಯ ನಾಗರಿಕರಿಗೆ ಶೇ. 30 ರಿಯಾಯಿತಿ ಕೊಡುತ್ತದೆ. ಅಲ್ಲಿ ಆದಾಯ ಕೇಳುವುದಿಲ್ಲ, ಆದರೆ ತಾವೇ ವಾಸಿಸುವ ಒಂದೇ ಆಸ್ತಿಗೆ, ಅದೂ ಇಷ್ಟು ಅಳತೆಯವರೆಗೆ ಅನ್ನುವ ಬೇಲಿ ಇದೆ. ಆದಾಯದ ದಾಖಲೆ ಸರಿಯಾಗಿ ಸಿಗದ ಊರಿಗೆ ಇದು ಒಂದು ನಡುದಾರಿ. ಚಿಕ್ಕ ಮನೆಯವರಿಗೆ ಸಿಗುತ್ತದೆ, ಬಂಗಲೆಯವರಿಗೆ ಪೂರ್ತಿ ಸಿಗುವುದಿಲ್ಲ.

ಇನ್ನು ಮುಂದೂಡಿಕೆ. ನನ್ನ ಲೆಕ್ಕದಲ್ಲಿ ನಿಮ್ಮ ಇಕ್ಕಟ್ಟಿಗೆ ಸರಿಹೊಂದುವುದು ಇದು. ಹಿರಿಯರು ಇರುವಷ್ಟು ಕಾಲ ಕಂದಾಯ ಕಟ್ಟಬೇಕಾಗಿಲ್ಲ. ಅದು ಬಡ್ಡಿಯ ಸಮೇತ ಮನೆಯ ಮೇಲೆ ಬಾಕಿಯಾಗಿ ಉಳಿಯುತ್ತದೆ. ಮನೆ ಮಾರಿದಾಗ ಅಥವಾ ಮುಂದಿನವರ ಹೆಸರಿಗೆ ಹೋದಾಗ ವಸೂಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರಿಗೆ ಈ ಸೌಲಭ್ಯ ಇದೆ. ಐರ್ಲೆಂಡ್‌ನಲ್ಲಿ ವಯಸ್ಸು ಕೇಳುವುದೇ ಇಲ್ಲ, ಆದಾಯ ಒಂದು ಮಿತಿಗಿಂತ ಕಡಿಮೆಯಿದ್ದರೆ ಸಾಕು. ಅಲ್ಲಿ 2022ರಿಂದ ಬಡ್ಡಿ ಶೇ. 3. ಟೆಕ್ಸಾಸ್‌ನಲ್ಲೂ 65 ದಾಟಿದವರು ಮುಂದೂಡಬಹುದು.

ಇದಕ್ಕೆ ದೊಡ್ಡ ವಿರೋಧ ಬರುವುದು ಎಲ್ಲಿಂದ ಗೊತ್ತಾ? ಮಕ್ಕಳಿಂದ. 'ಅಮ್ಮನ ಮನೆ ಮೇಲೆ ಬಾಕಿ ಯಾಕೆ?' ಅಂತ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇಲ್ಲೇ ವಿಷಯದ ಬೇರಿದೆ. ಹಿರಿಯರಿಗೆ ಬೇಕಾದದ್ದು ಆ ಮನೆಯಲ್ಲಿ ಕೊನೆತನಕ ಇರುವುದು. ಮುಂದೂಡಿಕೆ ಅದನ್ನು ಪೂರ್ತಿ ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ ತೆರಿಗೆಯನ್ನೇ ಮನ್ನಾ ಮಾಡಿದರೆ ಉಳಿದ ಹಣ ಕೊನೆಗೆ ಸೇರುವುದು ಆಸ್ತಿ ಪಡೆಯುವ ಮಕ್ಕಳಿಗೆ. ನಿಮಗೂ, ನನ್ನ ಮಗಳಿಗೂ. ಅದಕ್ಕೆ ಬಾಡಿಗೆ ಮನೆಯವರು ದುಡ್ಡು ಹಾಕಬೇಕು ಅನ್ನುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಂತ ಮುಂದೂಡಿಕೆಯಲ್ಲಿ ತೊಂದರೆ ಇಲ್ಲ ಅಂತಲ್ಲ. ಸಾಲ ಅಂದರೆ ನಿದ್ದೆ ಬಾರದ ತಲೆಮಾರು ಅದು. ಎಷ್ಟೋ ಜನ ಔಷಧಿ ಬಿಟ್ಟಾದರೂ ಕಂದಾಯ ಕಟ್ಟುತ್ತಾರೆ. ಊರಿನ ಬೊಕ್ಕಸಕ್ಕೂ ಹಣ ತಡವಾಗಿ ಬರುತ್ತದೆ, ಚಿಕ್ಕ ಊರಿಗೆ ಅದು ಕಷ್ಟ. ರಾಜ್ಯವೋ ಬ್ಯಾಂಕೋ ಆ ಮಧ್ಯದ ಹಣ ತುಂಬಿಕೊಟ್ಟರೆ ಮಾತ್ರ ನಡೆಯುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ರಾಂತ್ಯವೇ ಊರಿಗೆ ಹಣ ಕಟ್ಟಿಬಿಡುತ್ತದೆ.

'ನಮ್ಮ ಮಕ್ಕಳ ಶಾಲೆ ಮುಗಿದು ಎಷ್ಟೋ ಕಾಲವಾಯಿತು, ಶಾಲೆಗೆ ನಾವ್ಯಾಕೆ ಕೊಡಬೇಕು?' ಅನ್ನುವ ವಾದವೂ ಬರಬಹುದು. ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ 62 ತುಂಬಿದವರಿಗೆ ಶಾಲಾ ತೆರಿಗೆಯೇ ಇಲ್ಲ. ಈ ವಾದವನ್ನು ನಾನು ಒಪ್ಪುವುದಿಲ್ಲ. ಅವರ ಮಕ್ಕಳು ಓದುವಾಗ ಆಗಿನ ಹಿರಿಯರು ಕೊಟ್ಟಿದ್ದರು.

ಯಾವ ಪ್ರಸ್ತಾವ ಗೆದ್ದರೂ ನಿಯಮದ ಸಣ್ಣ ಅಕ್ಷರಗಳನ್ನು ಓದಿ. ನನ್ನ ಕೆಲಸದ ಕಾಲದಲ್ಲಿ ನಿಜವಾದ ಅನ್ಯಾಯ ಆಗುತ್ತಿದ್ದದ್ದು ಅಲ್ಲೇ. ಕಿಟಕಿ ಮುಂದೆ ನಿಲ್ಲುತ್ತಿದ್ದ ಎಷ್ಟೋ ವಿಧವೆಯರ ಮನೆ ಇನ್ನೂ ತೀರಿಹೋದ ಗಂಡನ ಹೆಸರಲ್ಲೇ ಇರುತ್ತಿತ್ತು. 'ಮಾಲೀಕರಿಗೆ ಮಾತ್ರ' ಅಂತ ನಿಯಮ ಇದ್ದರೆ ಅವರ ಅರ್ಜಿ ವಾಪಸ್. ಯಾರಿಗಾಗಿ ಸೌಲಭ್ಯ ತಂದರೋ ಅವರೇ ಹೊರಗೆ. ಇನ್ನೊಂದು ಕಡೆ ವಯಸ್ಸಾದ ಅಜ್ಜನ ಹೆಸರಿಗೆ ಹೊಸ ಮನೆ ಬರೆಸಿ ರಿಯಾಯಿತಿ ಕೇಳುವ ಜಾಣರು. ಇಬ್ಬರು ಮಾಲೀಕರಲ್ಲಿ ಒಬ್ಬರಿಗೆ ಮಾತ್ರ 65 ಆಗಿದ್ದರೆ? ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದರೆ? ದಾನಪತ್ರ ಮಾಡಿ ಮಗನ ಹೆಸರಿಗೆ ಬರೆದುಕೊಟ್ಟು ಅಮ್ಮ ಅದೇ ಮನೆಯಲ್ಲಿದ್ದರೆ? ಇವಕ್ಕೆಲ್ಲ ನಿರ್ಣಯದಲ್ಲೇ ಉತ್ತರ ಇರಬೇಕು. ಇಲ್ಲದಿದ್ದರೆ ಕಿಟಕಿಯ ಹಿಂದೆ ಕೂತವನು ತನಗೆ ತೋಚಿದಂತೆ ಮಾಡುತ್ತಾನೆ. ವರ್ಷ ವರ್ಷ ಹೊಸ ಅರ್ಜಿ ಕೇಳುವ ಪದ್ಧತಿಯೂ ಬೇಡ. ಒಮ್ಮೆ ಕೊಟ್ಟರೆ ಸ್ಥಿತಿ ಬದಲಾಗುವವರೆಗೆ ನಡೆಯಲಿ. ನಡೆಯಲಾಗದವರ ಅರ್ಜಿಯನ್ನು ಮನೆಗೇ ಹೋಗಿ ತರಲಿ.

ಸಭೆಯಲ್ಲಿ ನಿಮಗೆ ಸಿಗುವುದು ಎರಡು ಮೂರು ನಿಮಿಷ ಇರಬಹುದು. ಪರವೋ ವಿರುದ್ಧವೋ ಅಂತ ಶುರು ಮಾಡಬೇಡಿ, ಜನ ಆಗಲೇ ಪಕ್ಷ ಕಟ್ಟಿಬಿಡುತ್ತಾರೆ. 'ನನ್ನ ತಾಯಿಗೆ ಇದರಿಂದ ಲಾಭ, ನನಗೆ ಹೊರೆ, ಹಾಗಾಗಿ ಎರಡೂ ಕಡೆಯಿಂದ ಕೇಳುತ್ತಿದ್ದೇನೆ' ಅನ್ನಿ. ಆಮೇಲೆ ನೇರವಾಗಿ ಕೇಳಿ: ಖೋತಾ ಎಷ್ಟು, ಅದನ್ನು ತುಂಬುವವರು ಯಾರು, ಹತ್ತು ವರ್ಷದ ನಂತರ ಎಷ್ಟಾಗುತ್ತದೆ, ಆದಾಯದ ಮಿತಿ ಮತ್ತು ಮುಂದೂಡಿಕೆ ಯಾಕೆ ಸೇರಿಸಿಲ್ಲ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಲು ಕೋರಿ. ನಿಮ್ಮ ಮಾತನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಅದಕ್ಕೂ ಮುಂಚೆ ತಾಯಿಯವರ ಮನೆಯ ದಾಖಲೆ ಯಾರ ಹೆಸರಲ್ಲಿದೆ, ಹಳೆಯ ಬಾಕಿ ಏನಾದರೂ ಇದೆಯಾ ಅಂತ ನೋಡಿಕೊಳ್ಳಿ. ಬಾಕಿ ಇದ್ದವರಿಗೆ ರಿಯಾಯಿತಿ ಇಲ್ಲ ಅಂತ ಎಷ್ಟೋ ಕಡೆ ನಿಯಮ ಇರುತ್ತದೆ. ಹೆಸರು ಬದಲಾವಣೆಗೆ ತಿಂಗಳುಗಟ್ಟಲೆ ಹಿಡಿಯಬಹುದು. ಪ್ರಸ್ತಾವ ಪಾಸಾಗಲಿ, ಬಿಡಲಿ, ಆ ಅರ್ಜಿಯನ್ನು ಈಗಲೇ ಹಾಕಿಬಿಡಿ.