ಎತ್ತರ ಕೇಳಿದಿರಿ, ಸೆಕೆಂಡು ಕೇಳಲಿಲ್ಲ

ಉಡುಪಿ ಕಡೆಯವರು, ಈಗ ಬೆಂಗಳೂರಿನಲ್ಲಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನಿಮ್ಮ ಪ್ರವಾಸ ಸಂಚಿಕೆ ಓದಿ ಜುಲೈನಲ್ಲಿ ಶ್ರೀಲಂಕಾದ ಪೂರ್ವ ಕರಾವಳಿಯ ಅರುಗಮ್ ಬೇಗೆ ಸರ್ಫಿಂಗ್‌ಗೆ ಹೋದೆ. ಮುನ್ಸೂಚನೆ ನೋಡಿಕೊಂಡು ಹೋಗಿ ಎಂದು ನೀವೇ ಬರೆದಿದ್ದಿರಿ. ಹೋದ ದಿನ ಆ್ಯಪ್ 1.5 ಮೀಟರ್ ಅಲೆ ಅಂದಿತು. ನೋಡಿದರೆ ಮೊಣಕಾಲೆತ್ತರ. ನಾಲ್ಕನೇ ದಿನ 1.2 ಮೀಟರ್ ಅಂದಿತು. ಅವತ್ತು ತಲೆಗಿಂತ ಎತ್ತರದ ಅಲೆ, ನೀರಿಗಿಳಿಯಲು ಧೈರ್ಯ ಬರಲಿಲ್ಲ. ಆದರೆ ಹಿಂದಿನ ಸಂಜೆಯೇ ದಡದಲ್ಲಿದ್ದ ಮೀನುಗಾರರೊಬ್ಬರು 'ನಾಳೆ ದೊಡ್ಡದು ಬರುತ್ತೆ' ಎಂದು ತಮಿಳಿನಲ್ಲಿ ಹೇಳಿದ್ದರು. ಮಲ್ಪೆಯಲ್ಲಿ ನಮ್ಮ ಅಜ್ಜನೂ ಆಕಾಶ ನೋಡಿ ಕಡಲು ಹೇಳುತ್ತಿದ್ದರು. ಈ ಕಂಪ್ಯೂಟರ್ ಮುನ್ಸೂಚನೆ ಎಲ್ಲ ಬರೀ ಬೊಗಳೆ. ಇನ್ನು ಮುಂದೆ ಓದುಗರನ್ನು ದಾರಿ ತಪ್ಪಿಸಬೇಡಿ. ಜನವರಿಯಲ್ಲಿ ಅದೇ ದ್ವೀಪದ ದಕ್ಷಿಣ ಕರಾವಳಿಯ ಮಿದಿಗಾಮದ ರೀಫ್ (ನೀರಿನಡಿಯ ಬಂಡೆಸಾಲು) ಕಡೆಗೆ ಹೋಗಬೇಕೆಂದಿದ್ದೇನೆ. ಯಾರನ್ನು ನಂಬಲಿ?"

ಸಂಪಾದಕರ ಉತ್ತರ:

ಮಾರಾಯ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಬೈದು ಸುಮ್ನೆ ಕೂರದೆ ಎರಡೂ ದಿನದ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೀರಿ. ದೂರುವವರು ಹೀಗೆ ಸಾಕ್ಷಿ ಸಮೇತ ಬಂದರೆ ಉತ್ತರ ಕೊಡುವವನಿಗೂ ಹುರುಪು. ತೊಂದರೆ ಏನೆಂದರೆ, ಆ ಸಾಕ್ಷಿ ನಿಮ್ಮ ವಿರುದ್ಧವೇ ಇದೆ.

ನೀವು ನೋಡಿದ್ದು ಮೊದಲ ಸಾಲು, ಅಂದರೆ ಎತ್ತರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ಮೊದಲ ದಿನ 7 ಸೆಕೆಂಡು, ನೈಋತ್ಯದಿಂದ. ನಾಲ್ಕನೇ ದಿನ 15 ಸೆಕೆಂಡು, ದಕ್ಷಿಣದಿಂದ. ನಿಮ್ಮ ರಜೆಯ ಇಡೀ ಕತೆ ಆ ಸಾಲಿನಲ್ಲೇ ಇತ್ತು. ಆ್ಯಪ್ ಸುಳ್ಳು ಹೇಳಲಿಲ್ಲ. ಅದು ಎರಡು ಮಾತು ಹೇಳಿತು, ನೀವು ಒಂದನ್ನು ಕೇಳಿಸಿಕೊಂಡಿರಿ.

ಸೆಕೆಂಡು ಅಂದರೆ ಒಂದು ಅಲೆಯ ನೆತ್ತಿ ದಾಟಿ ಮುಂದಿನದರ ನೆತ್ತಿ ಬರುವ ತನಕದ ಹೊತ್ತು. 7 ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. ಆಳ ನೀರಿನಲ್ಲಿ ಅದರ ಉದ್ದ ಸುಮಾರು 75 ಮೀಟರ್. 15 ಸೆಕೆಂಡಿನದು ದೂರದ ಬಿರುಗಾಳಿಯ ಕೂಸು, ಉದ್ದ ಸುಮಾರು 350 ಮೀಟರ್. ತನ್ನ ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗುತ್ತದೆ. ಅಂದರೆ ಮೊದಲನೆಯದಕ್ಕೆ ತಳ ಗೊತ್ತಾಗುವುದು 40 ಮೀಟರಿನ ಒಳಗೆ ಬಂದಮೇಲೆ. ಎರಡನೆಯದಕ್ಕೆ 175 ಮೀಟರ್ ಆಳದಲ್ಲೇ ಗೊತ್ತಾಗುತ್ತದೆ. ತಳ ತಾಗಿದ ಕೂಡಲೇ ಅಲೆ ನಿಧಾನವಾಗುತ್ತದೆ, ಆಳ ಕಡಿಮೆ ಇರುವ ಕಡೆಗೆ ಬಾಗುತ್ತದೆ.

ಅರುಗಮ್ ಬೇಯ ಪಾಯಿಂಟ್, ಅಂದರೆ ನೆಲದ ಚಾಚಿನ ಪಕ್ಕ ಅಲೆ ಒಡೆಯುವ ಜಾಗ, ಬದುಕಿರುವುದೇ ಈ ಬಾಗುವಿಕೆಯಿಂದ. ಕೊಲ್ಲಿಯ ದಕ್ಷಿಣ ತುದಿಯಲ್ಲಿ ನೆಲ ಮೂಗಿನಂತೆ ಚಾಚಿಕೊಂಡಿದೆ. ದಕ್ಷಿಣದಿಂದ ಬರುವ ಉದ್ದ ಸ್ವೆಲ್, ಅಂದರೆ ದೂರದ ಬಿರುಗಾಳಿ ಕಳಿಸಿದ ಅಲೆಸಾಲು, ಅದನ್ನು ಬಳಸಿಕೊಂಡು ಒಳಗೆ ತಿರುಗಿ, ದಡದ ಗುಂಟ ಬಲಕ್ಕೆ ಒಡೆಯುತ್ತಾ ಹೋಗುತ್ತದೆ. ನೈಋತ್ಯದ ಗಿಡ್ಡ ಅಲೆಗೆ ಅಷ್ಟು ಬಾಗುವ ತಾಕತ್ತಿಲ್ಲ. ಅದು ಆಚೆಯಿಂದಲೇ ದಾಟಿ ಹೋಗುತ್ತದೆ. ಮೇಲಾಗಿ ಆ ದಿಕ್ಕಿಗೆ ಶ್ರೀಲಂಕಾ ದ್ವೀಪವೇ ಅಡ್ಡ ಮಲಗಿದೆ. ನಿಮಗೆ ಮೊಣಕಾಲೆತ್ತರ ಸಿಕ್ಕಿದ್ದೇ ದೊಡ್ಡದು.

ಬಲದ ಲೆಕ್ಕವನ್ನೂ ಹಾಕಿ. ಅಲೆ ಹೊತ್ತು ತರುವ ಶಕ್ತಿ ಎತ್ತರದ ವರ್ಗವನ್ನು ಸೆಕೆಂಡಿನಿಂದ ಗುಣಿಸಿದಷ್ಟು. 1.5ರ ವರ್ಗ 2.25, ಅದನ್ನು 7ರಿಂದ ಗುಣಿಸಿದರೆ 15.75. 1.2ರ ವರ್ಗ 1.44, ಅದನ್ನು 15ರಿಂದ ಗುಣಿಸಿದರೆ 21.6. ನಿಮ್ಮ 'ಸಣ್ಣ' ದಿನ ದೊಡ್ಡ ದಿನಕ್ಕಿಂತ ಮೂರನೇ ಒಂದು ಪಾಲಿಗೂ ಜಾಸ್ತಿ ಬಲದ್ದು. ಎತ್ತರ ಒಂದನ್ನೇ ನೋಡಿ ಕಡಲು ಅಳೆಯುವುದು ಅಕ್ಕಿ ಮೂಟೆಯ ಎತ್ತರ ನೋಡಿ ತೂಕ ಹೇಳಿದ ಹಾಗೆ. ಇನ್ನೊಂದು ಮಾತು. ಆ್ಯಪ್ ಕೊಡುವ ಎತ್ತರವೂ ಅತಿ ದೊಡ್ಡ ಅಲೆಯದ್ದಲ್ಲ. ಎಲ್ಲ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲಿನ ಸರಾಸರಿ ಅದು. ಅದರ ಎರಡರಷ್ಟು ಎತ್ತರದ್ದೂ ನಡುನಡುವೆ ಬಂದೇ ಬರುತ್ತದೆ. 1.2 ಅಂತ ಓದಿ ನೀರಿಗೆ ಇಳಿಯದೆ ದಡದಲ್ಲೇ ನಿಂತಿರಲ್ಲ, ಅದು ಜಾಣತನ. ಅದನ್ನು ಹೇಡಿತನದಂತೆ ಬರೆದುಕೊಂಡಿದ್ದೀರಿ, ಯಾಕೋ.

ಇನ್ನು ಆ ಮೀನುಗಾರರು. ಅವರಿಗೆ ದೊಡ್ಡ ನಮಸ್ಕಾರ. ಅವರು ಹೇಳಿದ್ದು ಸರಿ. ಆದರೆ ಹೇಗೆ ಹೇಳಿದರು ಅಂತ ನೀವು ಕೇಳಬೇಕಿತ್ತು. ನನ್ನ ಊಹೆ ಇದು. ದೂರದ ಬಿರುಗಾಳಿಯಿಂದ ಹೊರಟ ಅಲೆಗಳಲ್ಲಿ ಉದ್ದದವು ಬೇಗ ಓಡುತ್ತವೆ, ಮೊದಲು ತಲುಪುತ್ತವೆ. ಮೊದಮೊದಲು ಅವುಗಳಿಗೆ ಎತ್ತರ ಇರುವುದಿಲ್ಲ. ಬಂಡೆಯ ಹತ್ತಿರ ನೀರು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ, ಅಷ್ಟೇ. ನಮ್ಮ ನಿಮ್ಮ ಕಣ್ಣಿಗೆ ಅದು ಶಾಂತ ಕಡಲು. ಅವರ ಕಣ್ಣಿಗೆ ಮಾರನೇ ದಿನದ ಸುದ್ದಿ. ಅಂದರೆ ಅವರೂ ಓದಿದ್ದು ಆ ಎರಡನೇ ಸಾಲನ್ನೇ. ನಿಮ್ಮ ಹಾಗೆ ಎತ್ತರ ನೋಡಿ ಮೋಸ ಹೋಗಲಿಲ್ಲ.

ಯಂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ ಎಂಬ ನಿಮ್ಮ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ಆಗಲೇ ನಡು ಕಡಲಿನಲ್ಲಿದ್ದವು. ಎಚ್ಚರಿಕೆ ಅವರನ್ನು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಮರಳಿ ಬಾರದವರ ಮನೆಗಳಲ್ಲಿ ಮುನ್ಸೂಚನೆಯ ಹಿರಿಮೆ ಹೇಳುವ ಧೈರ್ಯ ನನಗಿಲ್ಲ.

ಆದರೆ ಅಜ್ಜನ ಆಕಾಶದ ಮಾತಿಗೆ ಬರೋಣ. ಆಕಾಶ ಹೇಳುವುದು ಇಲ್ಲಿಯ ಗಾಳಿಯನ್ನು. ಅಲೆ ಹುಟ್ಟುವುದು ಎಲ್ಲೋ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ 45 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಬಿರುಗಾಳಿ ಏಳುತ್ತದೆ ಅನ್ನಿ. ಅಲ್ಲಿಂದ ಅರುಗಮ್ ಬೇಗೆ ಸುಮಾರು 5,800 ಕಿಲೋಮೀಟರ್. 15 ಸೆಕೆಂಡಿನ ಸ್ವೆಲ್ ಗುಂಪು ಗಂಟೆಗೆ ಸುಮಾರು 42 ಕಿಲೋಮೀಟರ್ ಸಾಗುತ್ತದೆ. ಐದೂವರೆ, ಆರು ದಿನದ ದಾರಿ. ನಿಮ್ಮ ನಾಲ್ಕನೇ ದಿನದ ಅಲೆ ನೀವು ಬೆಂಗಳೂರಿನಲ್ಲಿ ಪೆಟ್ಟಿಗೆ ತುಂಬುವಾಗಲೇ ಹೊರಟಾಗಿತ್ತು. ಅದನ್ನು ಯಾವ ಊರಿನ ಆಕಾಶದಲ್ಲಿ ಓದುತ್ತೀರಿ?

ಇದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟವರು ಸಾಗರ ವಿಜ್ಞಾನಿ ವಾಲ್ಟರ್ ಮಂಕ್. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ದಿನ ಅಲೆ ಹೇಗಿರುತ್ತದೆ ಎಂದು ಹೇಳುವ ವಿಧಾನವನ್ನು ತಮ್ಮ ಗುರು ಹರಾಲ್ಡ್ ಸ್ವೆರ್ಡ್ರುಪ್ ಜೊತೆ ಕಟ್ಟಿದವರು. ಇವತ್ತು ಸರ್ಫರುಗಳು ನೋಡುವ ಮುನ್ಸೂಚನೆಯ ಬೇರು ಅದೇ. ಆಮೇಲೆ 1963ರಲ್ಲಿ ಅವರ ತಂಡ ನ್ಯೂಜಿಲೆಂಡ್‌ನಿಂದ ಅಲಾಸ್ಕಾದ ತನಕ ಪೆಸಿಫಿಕ್ ಉದ್ದಕ್ಕೂ ಅಳತೆ ಕೇಂದ್ರಗಳನ್ನಿಟ್ಟು, ಅಂಟಾರ್ಕ್ಟಿಕಾ ಕಡೆಯ ಬಿರುಗಾಳಿಯಲ್ಲಿ ಹುಟ್ಟಿದ ಅಲೆಗಳು ಇಡೀ ಸಾಗರ ದಾಟಿ ಹೋಗುವುದನ್ನು ದಾಖಲಿಸಿತು. ಮಂಕ್ 2019ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುದಿನ ನಮ್ಮ ಕಡೆ ಎಷ್ಟು ಜನ ಆ ಹೆಸರು ಕೇಳಿದ್ದರೋ, ಬಿಡಿ.

ಸರ್ಫಿಂಗ್ ಹುಡುಗರ ಶೋಕಿ, ಅದಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ ಅಂತ ಬೇರೆ ಓದುಗರು ಕೇಳಬಹುದು. ಅವರಿಗೆ 2024ರ ಮೇ ತಿಂಗಳ ಮೊದಲ ವಾರ ನೆನಪಿಸುತ್ತೇನೆ. ಹೈದರಾಬಾದಿನ ಇನ್‌ಕಾಯಿಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಕೇರಳ ಮತ್ತು ದಕ್ಷಿಣ ತಮಿಳುನಾಡಿನ ಕರಾವಳಿಗೆ 'ಕಳ್ಳಕ್ಕಡಲ್' (ಕಳ್ಳನಂತೆ ನುಗ್ಗುವ ಕಡಲು) ಎಚ್ಚರಿಕೆ ಕೊಟ್ಟಿತ್ತು. ಕೇರಳದ ಮೀನುಗಾರರು ಬಳಸುವ ಈ ಹೆಸರನ್ನು 2012ರಲ್ಲಿ ಯುನೆಸ್ಕೋ ಕೂಡ ಒಪ್ಪಿಕೊಂಡಿದೆ. ಸ್ಥಳೀಯ ಗಾಳಿ ಇಲ್ಲ, ಮಳೆ ಇಲ್ಲ. ದಕ್ಷಿಣ ಸಾಗರದಿಂದ ಉದ್ದ ಸ್ವೆಲ್ ಮಾತ್ರ ಬರುತ್ತದೆ. ಎಚ್ಚರಿಕೆಯಲ್ಲಿದ್ದ ಎತ್ತರ ಒಂದೂವರೆ ಮೀಟರಿನ ಆಸುಪಾಸು. ಕೇಳಿದವರು ಇಷ್ಟೇನಾ ಅನ್ನುವಂಥದ್ದು. ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳನ್ನು ಅಲೆ ಎಳೆದುಕೊಂಡು ಹೋಯಿತು. ನನ್ನ ಹಟ ಇರುವುದು ಇದಕ್ಕೇ. ಮುನ್ಸೂಚನೆ ಇತ್ತು. ಅದನ್ನು ಓದುವ ಅಭ್ಯಾಸ ಜನಕ್ಕೆ ಇರಲಿಲ್ಲ.

ನಮ್ಮಲ್ಲಿ ಹವಾಮಾನದ ಬಗ್ಗೆ ಒಂದು ಹಳೇ ನಗೆಹನಿ ಇದೆ. ಇಲಾಖೆಯವರು ಮಳೆ ಅಂದರೆ ಕೊಡೆ ಮನೆಯಲ್ಲೇ ಬಿಡಿ ಅಂತ. ಮದುವೆ ಮನೆಯಲ್ಲಿ, ಟಿವಿ ಚರ್ಚೆಯಲ್ಲಿ, ಎಲ್ಲಾ ಕಡೆ ಇದನ್ನೇ ಹೇಳಿ ನಗುತ್ತಾರೆ. ನನಗೆ ಇದು ಕೇಳಿದರೆ ಮೈ ಉರಿಯುತ್ತದೆ. 1999ರಲ್ಲಿ ಒಡಿಶಾದ ಮಹಾ ಚಂಡಮಾರುತಕ್ಕೆ ಸತ್ತವರು ಹತ್ತಿರ ಹತ್ತಿರ 10,000 ಜನ. 2019ರಲ್ಲಿ ಅದೇ ಒಡಿಶಾಕ್ಕೆ ಫೋನಿ ಬಂದಾಗ ಮೊದಲೇ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಬೇರೆಡೆಗೆ ಸಾಗಿಸಿದ್ದರು. ಸತ್ತವರ ಲೆಕ್ಕ ನೂರು ದಾಟಲಿಲ್ಲ. ಬೊಗಳೆಯಿಂದ ಹತ್ತು ಲಕ್ಷ ಜನ ಮನೆ ಬಿಟ್ಟು ಎದ್ದು ಹೋಗುತ್ತಾರಾ?

ನಮ್ಮ ಪತ್ರಿಕೆಗಳದ್ದೂ ಪಾಲಿದೆ. ಜೂನ್ ಬಂದರೆ ಕರಾವಳಿ ಪುಟದಲ್ಲಿ 'ಕಡಲು ಪ್ರಕ್ಷುಬ್ಧ' ಅನ್ನುವ ಶೀರ್ಷಿಕೆ. ಕಲ್ಲಿಗೆ ಬಡಿದು ನೊರೆ ಹಾರಿಸುವ ಅಲೆಯ ಫೋಟೋ. ಎಷ್ಟು ಮೀಟರ್, ಎಷ್ಟು ಸೆಕೆಂಡು, ಯಾವ ದಿಕ್ಕು, ಒಂದೂ ಇರುವುದಿಲ್ಲ. ಬೆಂಗಳೂರಿನ ಗರಿಷ್ಠ ಕನಿಷ್ಠ ಉಷ್ಣಾಂಶ ಮಾತ್ರ ದಶಾಂಶ ಸಮೇತ ದಿನಾ ಬರುತ್ತದೆ. ಇನ್‌ಕಾಯಿಸ್ ದಿನವೂ ಕೊಡುವ ಅಲೆ ಮುನ್ಸೂಚನೆಯನ್ನು ನಾಲ್ಕು ಸಾಲಿನಲ್ಲಿ ಹಾಕಲು ಜಾಗ ಇಲ್ಲ. ರಾಶಿಫಲಕ್ಕೆ ಅರ್ಧ ಕಾಲಂ ಇದೆ.

ಶಾಲೆ ಕತೆಯೂ ಅಷ್ಟೇ. ಮೂರು ಕಡಲ ಜಿಲ್ಲೆಗಳ ಮಕ್ಕಳು ಭೂಶಿರ, ಕೊಲ್ಲಿ, ಬಂದರು ಅಂತ ಬಾಯಿಪಾಠ ಮಾಡುತ್ತಾರೆ. ಅಲೆ ಯಾಕೆ ಬಾಗುತ್ತದೆ ಅಂತ ದಡಕ್ಕೆ ಕರೆದುಕೊಂಡು ಹೋಗಿ ತೋರಿಸುವುದಿಲ್ಲ. ತೋರಿಸಿದ್ದರೆ ಮುಂದೆ ಅವರಲ್ಲಿ ಯಾರಾದರೂ ಎಂಜಿನಿಯರ್ ಆಗಿ, ಕಡಲ್ಕೊರೆತ ಅಂದ ಕೂಡಲೇ ಲಾರಿಗಟ್ಟಲೆ ಬಂಡೆ ಸುರಿಯುವ ಮೊದಲು ಸ್ವಲ್ಪ ಯೋಚಿಸುತ್ತಿದ್ದರು. ಗೋಡೆಗೆ ಬಡಿದ ಅಲೆ ವಾಪಸ್ ಹೋಗುವಾಗ ಬುಡದ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಜಾಗದಲ್ಲಿ ಪಕ್ಕದವರ ತೆಂಗಿನ ತೋಟ ಕೊರೆಯಲು ಶುರು. ಆಮೇಲೆ ಅಲ್ಲಿಗೂ ಬಂಡೆ. ಮುಲ್ಕಿಯಲ್ಲಿ, ಸಸಿಹಿತ್ಲುವಿನ ಅಳಿವೆಯಲ್ಲಿ ಸರ್ಫಿಂಗ್ ಕಲಿಯುವ ಮಕ್ಕಳು ಈಗ ಇದನ್ನೆಲ್ಲ ತಾವೇ ಕಲಿಯುತ್ತಿದ್ದಾರೆ. ಮಳೆಗಾಲ ಕಳೆದ ಮೇಲೆ ಮರಳ ದಿಬ್ಬ ಯಾವ ಕಡೆ ಸರಿಯಿತು ಎಂದು ಅವರು ಹಲಗೆಯ ಮೇಲೆ ಕೂತೇ ಹೇಳುತ್ತಾರೆ. ಸರಿ, ನಾನು ಎಲ್ಲಿಂದ ಎಲ್ಲಿಗೋ ಬಂದೆ.

ಜನವರಿಯ ಮಿದಿಗಾಮಕ್ಕೆ ಬರೋಣ. ಅಲ್ಲಿ ಲೆಕ್ಕ ತಿರುಗುಮುರುಗು. ಜುಲೈನಲ್ಲಿ ಅರುಗಮ್ ಬೇಯಲ್ಲಿ ನೆಲದಿಂದ ಕಡಲಿಗೆ ಬೀಸಿ ಅಲೆಯ ಮುಖ ನೀಟಾಗಿಡುವ ನೈಋತ್ಯ ಗಾಳಿ, ಮಿದಿಗಾಮದಲ್ಲಿ ಕಡಲಿನಿಂದ ನೆಲಕ್ಕೆ ಬೀಸಿ ಎಲ್ಲವನ್ನೂ ಕಲಕುತ್ತದೆ. ನವೆಂಬರಿನಿಂದ ಏಪ್ರಿಲ್ ತನಕ ಗಾಳಿ ಈಶಾನ್ಯದಿಂದ ಬೀಸಿ ಈ ಕರಾವಳಿಗೆ ಒಳ್ಳೆಯದಾಗುತ್ತದೆ. ಆಗ ದಕ್ಷಿಣಾರ್ಧದಲ್ಲಿ ಬೇಸಿಗೆ. ಅಲ್ಲಿಯ ಬಿರುಗಾಳಿಗಳು ಸಪ್ಪೆ, ಹಾಗಾಗಿ ಸ್ವೆಲ್ ಕೂಡ ಸಣ್ಣದು. ನಿಮಗೆ ಅದು ಒಳ್ಳೆಯದೇ.

ಪಾಯಿಂಟ್‌ಗೆ ಮೊದಲು ನೋಡಬೇಕಾದ್ದು ಸೆಕೆಂಡು, ದಿಕ್ಕು. ರೀಫ್‌ಗೆ ಜೊತೆಯಲ್ಲಿ ಉಬ್ಬರ ಇಳಿತವನ್ನೂ ನೋಡಿ. ಅಲೆ ಒಡೆಯುವುದು ಹೆಚ್ಚುಕಡಿಮೆ ತನ್ನ ಎತ್ತರದ 1.3 ಪಟ್ಟು ಆಳದಲ್ಲಿ. ಒಂದು ಮೀಟರ್ ಅಲೆ ಒಡೆಯುವ ಹೊತ್ತಿಗೆ ನಿಮ್ಮ ಕಾಲ ಕೆಳಗೆ ಇರುವುದು ಎದೆಮಟ್ಟದ ನೀರು, ಅದರ ಕೆಳಗೆ ಬಂಡೆ. ಶ್ರೀಲಂಕಾದಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದು ಮೀಟರೂ ಇಲ್ಲ ನಿಜ. ಆದರೆ ಅಷ್ಟು ತೆಳು ನೀರಿನಲ್ಲಿ ಗೇಣು ಹೆಚ್ಚು ಕಡಿಮೆಯಾದರೂ ಮಂಡಿ ತರಚುವುದಕ್ಕೂ ತರಚದಿರುವುದಕ್ಕೂ ಅಷ್ಟೇ ಸಾಕು. ಬೆಳಿಗ್ಗೆ ಬೇಗ ಇಳಿಯಿರಿ, ಹೊತ್ತೇರಿದರೆ ಕಡಲ ಗಾಳಿ ಏಳುತ್ತದೆ. ಐದಾರು ದಿನಕ್ಕಿಂತ ಆಚೆಯ ಮುನ್ಸೂಚನೆಯನ್ನು ಗಂಭೀರವಾಗಿ ತೆಗೆದುಕೊಂಡು ರಜೆ ಹಾಕಬೇಡಿ. ಮತ್ತೆ, ಪತ್ರದಲ್ಲಿ ನೀವು ಹೇಳಿಕೊಂಡಷ್ಟೇ ಅನುಭವ ಇದ್ದರೆ, ಮಿದಿಗಾಮದ 'ರಾಮ್ಸ್' ರೀಫ್ ನಿಮಗಲ್ಲ. ಅದು ತೀರಾ ತೆಳು ನೀರು. ಹತ್ತಿರದ ವೆಲಿಗಾಮದಲ್ಲಿ ಮರಳಿನ ತಳ ಇದೆ. ಮೊದಲ ವಾರ ಅಲ್ಲಿ ಕಳೆಯಿರಿ, ಆಮೇಲೆ ಮಿದಿಗಾಮದ 'ಲೇಜಿ ಲೆಫ್ಟ್' ಕಡೆ ಹೋಗಬಹುದು. ಅಲ್ಲೂ ದಡದವರನ್ನು ಒಂದು ಮಾತು ಕೇಳಿಯೇ ಇಳಿಯಿರಿ.

— ಸಂಪಾದಕ