ಮೊದಲ ದಿನವೇ ಎಲ್ಲ ಹೇಳಬೇಕಾ?

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿಯಿತು. ಟಿವಿಯಲ್ಲಿ ದಿನವಿಡೀ ಅದೇ ದೃಶ್ಯ. ಅದಾಗಿ ಕೆಲವು ವಾರಕ್ಕೆ ಸರೋಜಾ ತಮ್ಮ ತಂಗಿಯ ಜೊತೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದರು. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಈಗ ಮೈಸೂರಿನಲ್ಲಿ ಬಾಡಿಗೆ ಮನೆ. ಮೊದಲು ಮಡಿಕೇರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಚಿಕ್ಕ ಕಾಫಿ ತೋಟ ಇತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಇವರ ಮನೆ ಹೋಯಿತು, ಅತ್ತೆಯೂ ತೀರಿಕೊಂಡರು. ಆ ಹೊತ್ತಿಗೆ ಸರೋಜಾ ಕೊಟ್ಟಿಗೆಗೆ ಹೋಗಿ ಹಸುವಿನ ಹಗ್ಗ ಬಿಚ್ಚುತ್ತಿದ್ದರು.

ಮಳೆ ಜೋರಾದ ರಾತ್ರಿ ಅವರು ಮಲಗುತ್ತಿರಲಿಲ್ಲ. ಆಧಾರ್, ಪಾಸ್‌ಬುಕ್, ಮಗನ ಅಂಕಪಟ್ಟಿ ತುಂಬಿದ ಚೀಲ ಬಾಗಿಲ ಪಕ್ಕದಲ್ಲೇ ಇರಬೇಕು. ಬೀದಿಯಲ್ಲಿ ಲಾರಿ ಜೆಲ್ಲಿ ಸುರಿದರೆ ಮಗನ ಕೈ ಹಿಡಿದು ಹೊರಗೆ ಓಡುತ್ತಿದ್ದರು. ಊರ ಕಡೆಯ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ವಯನಾಡಿನ ಸುದ್ದಿ ಬಂದ ಮೇಲೆ ಇದೆಲ್ಲ ಜಾಸ್ತಿಯಾಗಿತ್ತು.

ಕೂತ ಕೂಡಲೇ ಅವರು ಕೇಳಿದ್ದು ಒಂದೇ ಮಾತು. "ಮೇಡಂ, ಎಲ್ಲಾ ಇವತ್ತೇ ಹೇಳ್ಬೇಕಾ? ಹೇಳಿದ್ರೆ ಮತ್ತೆ ಅಲ್ಲಿಗೇ ಹೋದ ಹಾಗಾಗುತ್ತೆ."

ಬೇಡ ಅಂದೆ. ಎಷ್ಟೋ ಜನ ಈ ಭಯಕ್ಕೇ ವರ್ಷಗಟ್ಟಲೆ ಆಪ್ತಸಲಹೆಯ ಬಾಗಿಲಿಗೆ ಬರುವುದಿಲ್ಲ. ಮೊದಲ ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆಗ ನಾವು ಕೇಳುವುದು ಈಗಿನ ಬದುಕಿನ ಬಗ್ಗೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮನೆಯಲ್ಲಿ ಯಾರಿದ್ದಾರೆ, ಬೇರೆ ಕಾಯಿಲೆ ಇದೆಯಾ, ಯಾವ ಮಾತ್ರೆ ತಗೊಳ್ತಿದ್ದೀರಿ. ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳುತ್ತೇವೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನರಿಗೆ ಯಾರೋ ಕೇಳಿದರಲ್ಲ ಅಂತ ಸಮಾಧಾನವಾಗುತ್ತದೆ.

ನೀವು ಹೇಳಿದ್ದು ಗುಟ್ಟಾಗಿಯೇ ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಇದು ನಿಮ್ಮ ಹಕ್ಕು. ಆದರೆ ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ, ಕೋರ್ಟ್ ಕೇಳಿದರೆ ನಾವು ಹೇಳಲೇಬೇಕಾಗುತ್ತದೆ. ಇದನ್ನು ಮೊದಲ ದಿನವೇ ತಿಳಿಸಬೇಕು. ತಿಳಿಸದಿದ್ದರೆ ನೀವೇ ಕೇಳಿ.

ಕೊನೆಗೆ ಅವರಿಗೆ ಏನು ಬೇಕು ಅಂತ ಕೇಳಿದೆ. "ಮಳೆಗಾಲದಲ್ಲಿ ನಿದ್ದೆ ಬರ್ಬೇಕು. ಮಗನ ಮೇಲೆ ರೇಗ್ಬಾರ್ದು" ಅಂದರು. ನಮ್ಮ ಗುರಿ ಅದೇ ಆಯಿತು.

ಮುಂದಿನ ಕೆಲವು ವಾರ ಗುಡ್ಡದ ಸುದ್ದಿಯನ್ನೇ ಎತ್ತಲಿಲ್ಲ. ಎದೆ ಹೊಡೆದುಕೊಳ್ಳಲು ಶುರುವಾದಾಗ ಏನು ಮಾಡಬೇಕು ಅನ್ನುವುದನ್ನು ಅಭ್ಯಾಸ ಮಾಡಿದೆವು. ಎರಡೂ ಪಾದ ನೆಲಕ್ಕೆ ಒತ್ತುವುದು. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು. ಕಣ್ಣಿಗೆ ಕಾಣುವ 5 ವಸ್ತುಗಳ ಹೆಸರು ಹೇಳುವುದು. "ಇದು ಮೈಸೂರು, ಈಗ ಸುರಿದದ್ದು ಜೆಲ್ಲಿ" ಅಂತ ಗಟ್ಟಿಯಾಗಿ ಹೇಳಿಕೊಳ್ಳುವುದು. ನೋಡೋಕೆ ಇಷ್ಟೇನಾ ಅನ್ನಿಸುತ್ತೆ. ಆದರೆ ಇದು ಕೈಗೆ ಬರುವ ಮೊದಲೇ ನೆನಪನ್ನು ಕೆದಕಿದರೆ ಕೆಲವರು ಹೆದರಿ ಬರುವುದನ್ನೇ ನಿಲ್ಲಿಸಬಹುದು.

ನಿದ್ದೆಗೆ ಅವರು ಯಾರೋ ಹೇಳಿದ ಮಾತ್ರೆ ನುಂಗುತ್ತಿದ್ದರು. ಅದನ್ನು ತಾವಾಗಿಯೇ ತಟ್ಟನೆ ನಿಲ್ಲಿಸಬೇಡಿ ಅಂತ ಹೇಳಿ ಮನೋವೈದ್ಯರ ಹತ್ತಿರ ಕಳಿಸಿದೆ. ಔಷಧಿ ಬರೆಯುವುದು ವೈದ್ಯರ ಕೆಲಸ, ಆಪ್ತಸಲಹೆಗಾರರದ್ದಲ್ಲ. ಮನೋವೈದ್ಯರು ಬೇರೆ ಮಾತ್ರೆ ಕೊಟ್ಟರು. ಅದು ಕೆಲಸ ಮಾಡಲು ಕೆಲವು ವಾರ ಬೇಕು ಅಂತಲೂ ಹೇಳಿ ಕಳಿಸಿದರು.

ಆಮೇಲೆ ನೆನಪಿನ ಕೆಲಸ. ಇಂಥ ಆಘಾತದ ನೆನಪು ಮುಗಿದ ಸಂಗತಿಯಾಗಿ ಉಳಿದಿರುವುದಿಲ್ಲ. ಸದ್ದು, ವಾಸನೆ, ಮಳೆ ಯಾವುದು ಸಿಕ್ಕರೂ ಮೈ ಈಗಲೇ ಆಗುತ್ತಿದೆ ಅನ್ನುವಂತೆ ನಡುಗುತ್ತದೆ. ಅದರಿಂದ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಸುರಕ್ಷಿತವಾದ ಜಾಗದಲ್ಲಿ, ಜೊತೆಗೆ ಒಬ್ಬರಿದ್ದು, ಮತ್ತೆ ಮತ್ತೆ ಹೇಳಿಕೊಂಡರೆ ಅದು ಹಳೆಯದಾಗುತ್ತಾ ಬರುತ್ತದೆ. ಕೈ ಎತ್ತಿದರೆ ಅಲ್ಲಿಗೇ ನಿಲ್ಲಿಸುವುದು ಅಂತ ಒಪ್ಪಂದ ಮಾಡಿಕೊಂಡೆವು. ಸರೋಜಾ ಮೊದಮೊದಲು ಆಗಾಗ ಕೈ ಎತ್ತುತ್ತಿದ್ದರು. ಆಗೆಲ್ಲ ನಿಲ್ಲಿಸಿದೆವು.

ಈ ಹಂತದಲ್ಲಿ ಒಂದಷ್ಟು ದಿನ ಕೆಟ್ಟ ಕನಸು ಜಾಸ್ತಿಯಾಯಿತು. ಸೆಷನ್ ಮುಗಿಸಿ ಮನೆಗೆ ಹೋದರೆ ಸುಸ್ತು. "ಇಲ್ಲಿಗೆ ಬಂದ ಮೇಲೆ ಇವಳು ಇನ್ನೂ ಅಳ್ತಾಳಲ್ಲ ಮೇಡಂ" ಅಂತ ಮನೆಯವರು ಫೋನ್ ಮಾಡಿದರು. ಹೀಗಾಗಬಹುದು ಅಂತ ಸರೋಜಾಗೆ ಮೊದಲೇ ಹೇಳಿದ್ದೆ, ಹಾಗಾಗಿ ಅವರು ಗಾಬರಿಯಾಗಿರಲಿಲ್ಲ. ಸೆಷನ್ ಇರುವ ದಿನ ಸಂಜೆಗೆ ನೆಂಟರು, ದೊಡ್ಡ ಅಡುಗೆ ಇಟ್ಟುಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಆದರೆ ಕಷ್ಟ ವಾರಗಟ್ಟಲೆ ಇಳಿಯದಿದ್ದರೆ, ದಿನದ ಕೆಲಸವೇ ನಿಂತುಹೋದರೆ, ಸಲಹೆಗಾರರಿಗೆ ತಕ್ಷಣ ತಿಳಿಸಬೇಕು. ಆಗ ವೇಗ ಕಡಿಮೆ ಮಾಡಲೇಬೇಕು.

ನಿಜವಾದ ಭಾರ ಗುಡ್ಡದ್ದಲ್ಲ ಅಂತ ತಿಳಿದದ್ದು ಆಗಲೇ. "ಹಸು ಬಿಚ್ಚೋಕೆ ಹೋದೆ, ಅತ್ತೆನ ಬಿಟ್ಟೆ." ಆರು ವರ್ಷ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ನಿಮ್ಮ ತಪ್ಪಿಲ್ಲ ಬಿಡಿ ಅಂತ ಹೇಳಿ ಮುಗಿಸುವುದು ಸುಲಭ, ಆದರೆ ಅದು ಒಳಗೆ ಇಳಿಯುವುದಿಲ್ಲ. ಆ ಬೆಳಿಗ್ಗೆ ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅಂತ ನಿಮಿಷ ನಿಮಿಷವಾಗಿ ನೋಡಿದೆವು. ಹಸುವನ್ನು ಬಿಚ್ಚು ಅಂದಿದ್ದೇ ಅತ್ತೆ ಅನ್ನುವುದು ಒಂದು ದಿನ ಅವರಿಗೇ ನೆನಪಾಯಿತು. ಅವತ್ತು ತುಂಬಾ ಹೊತ್ತು ಅತ್ತರು. ಅತ್ತೆಯನ್ನು ಕಳೆದುಕೊಂಡ ದುಃಖಕ್ಕೆ ಅವರು ಅತ್ತದ್ದು ಆಗಲೇ ಅನ್ನಿಸುತ್ತದೆ.

ಹೆದರಿಕೆಯನ್ನು ಸ್ವಲ್ಪಸ್ವಲ್ಪವೇ ಎದುರಿಸಲು ಮೊಬೈಲ್‌ನಲ್ಲಿ ಮಳೆಯ ಸದ್ದು ಕೇಳುವುದರಿಂದ ಶುರು ಮಾಡಿ, ಮುಂದೆ ಬೇಸಿಗೆಯಲ್ಲಿ ತಂಗಿಯ ಜೊತೆ ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ ಬಂದರು. ಮಳೆಗಾಲದಲ್ಲಿ ಹೋಗಬೇಡಿ ಅಂತ ನಾನೇ ಹೇಳಿದ್ದೆ. ಕುಸಿಯುವ ಗುಡ್ಡದ ಕೆಳಗೆ ಭಯಪಡುವುದು ಕಾಯಿಲೆಯಲ್ಲ, ಜಿಲ್ಲಾಡಳಿತ ಜಾಗ ಬಿಡಿ ಅಂದರೆ ಬಿಡಲೇಬೇಕು. ಮೈಸೂರಿನ ಆರ್‌ಸಿಸಿ ಮನೆಯಲ್ಲಿ ನಿದ್ದೆ ಬರಬೇಕು, ನಮಗೆ ಬೇಕಾದ್ದು ಅಷ್ಟೇ.

ಈಗ ಮಳೆ ಬಂದರೂ ಹೆಚ್ಚಿನ ರಾತ್ರಿ ಮಲಗುತ್ತಾರೆ. ಚೀಲ ಬೀರುವಿನಲ್ಲಿದೆ. ಆಗಸ್ಟ್ ಬಂದರೆ ಒಂದೆರಡು ವಾರ ಕಷ್ಟ, ಆಗ ಫೋನ್ ಮಾಡುತ್ತಾರೆ.

"ಆರು ವರ್ಷ ಆಯ್ತಲ್ಲ, ಮರೆತುಬಿಡು" ಅನ್ನುತ್ತಿದ್ದ ಮನೆಯವರಿಗೆ ಕೊಟ್ಟ ಸಲಹೆ ಇದು: ಆ ಮಾತು ಬಿಡಿ, ಮಳೆ ರಾತ್ರಿ ಅವರು ಎದ್ದು ಕೂತರೆ ನೀವೂ ಎದ್ದು ಒಂದು ಲೋಟ ನೀರು ಕೊಡಿ, ಇವತ್ತು ಏನು ಹೇಳಿದೆ ಅಂತ ಸೆಷನ್ ಆದ ಮೇಲೆ ಕೆದಕಬೇಡಿ.

ಹೊಸದಾಗಿ ಹೋಗುವವರಿಗೆ ಒಂದು ಮಾತು. ಆಪ್ತಸಲಹೆಗಾರರು ಅಂತ ಬೋರ್ಡ್ ಹಾಕಿದವರೆಲ್ಲ ಇಂಥ ಆಘಾತದ ನೆನಪಿಗೆ ಚಿಕಿತ್ಸೆ ಕೊಡುವುದನ್ನು ಕಲಿತಿರುವುದಿಲ್ಲ. ಏನು ಓದಿದ್ದೀರಿ, ಇಂಥ ಪ್ರಕರಣ ನೋಡಿದ್ದೀರಾ, ಫೀಸ್ ಎಷ್ಟು ಅಂತ ಕೇಳುವುದು ಒರಟುತನವಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು) ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಎರಡು ಮೂರು ಭೇಟಿಯಾದರೂ ಮನಸ್ಸು ಒಗ್ಗದಿದ್ದರೆ ಬೇರೆಯವರನ್ನು ನೋಡಬಹುದು, ಯಾರೂ ಬೇಜಾರು ಮಾಡಿಕೊಳ್ಳಬಾರದು. ದುಡ್ಡಿನ ಕಷ್ಟ ಇದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ 14416ರಲ್ಲಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಅದು ಉಚಿತ. ಹೆಸರು ಹೇಳಲು ಹಿಂಜರಿಕೆ ಆದರೆ, "ನಂಗೆ ನಿದ್ದೆ ಬರ್ತಿಲ್ಲ" ಅಂತ ಶುರು ಮಾಡಿದರೂ ಸಾಕು.